ಒಂದು ಹನಿ ರಕ್ತದಲ್ಲಿ ಸ್ತನ ಕ್ಯಾನ್ಸರ್ ಪತ್ತೆ: ಬಯೋಸೆನ್ಸರ್ ಎಲ್ಲಿಗೆ ಬಂದಿದೆ?

ಪ್ರಶ್ನೆ: ವಿರಾಜಪೇಟೆ ತಾಲ್ಲೂಕಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನನಗೆ 38 ವರ್ಷ. ಅಮ್ಮನಿಗೆ 47ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಆರಾಮಾಗಿದ್ದಾರೆ. ಗ್ಲುಕೋಮೀಟರ್ ಹಾಗೆ ಬೆರಳು ಚುಚ್ಚಿ, ಒಂದು ಹನಿ ರಕ್ತದಲ್ಲೇ ಕ್ಯಾನ್ಸರ್ ಕೋಶ ಹಿಡಿಯುವ ಬಯೋಸೆನ್ಸರ್ ಬಂದಿದೆ ಎಂದು ಓದಿದೆ. ಅದು ನಮ್ಮ ಕಡೆಯ ಆರೋಗ್ಯ ಕೇಂದ್ರಗಳಿಗೆ ಬರುತ್ತದೆಯೇ? ಬರುವ ತನಕ ನಾನು ಕಾಯಬಹುದೇ? ಇನ್ನೊಂದು ವಿಷಯ. ನನ್ನ ಹಳೆಯ ವಿದ್ಯಾರ್ಥಿನಿ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಅತಿಯಾಗುವ ಹರ್-2 ಪ್ರೋಟೀನ್ ಹಿಡಿಯುವ ಸೆನ್ಸರ್ ಮಾಡುತ್ತಿದ್ದಾಳೆ. ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ಶುದ್ಧ ದ್ರಾವಣ) ಗ್ರಾಫ್ ಚೆನ್ನಾಗಿ ಬರುತ್ತದೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕಿದರೆ ಹರ್-2 ಬೆರೆಸಲಿ, ಬಿಡಲಿ, ಸಿಗ್ನಲ್ ಏರುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಕಾಯುವ ಮಾತಿಗೆ ಮೊದಲೇ ಉತ್ತರಿಸಿಬಿಡುತ್ತೇವೆ. ಕಾಯಬೇಡಿ. ಬೆರಳು ಚುಚ್ಚಿ ತೆಗೆದ ಹನಿಯಿಂದ ಸ್ತನ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿಯುತ್ತದೆ, ಅದರಿಂದ ಜೀವ ಉಳಿಯುತ್ತದೆ ಎಂದು ಸಾಬೀತಾಗಿರುವ ಬಯೋಸೆನ್ಸರ್ ಇವತ್ತು ಇಲ್ಲ. ಹಾಗೆಂದು ನೀವು ಓದಿದ್ದು ಸುಳ್ಳಲ್ಲ. ಪ್ರಯೋಗಾಲಯದಲ್ಲಿ ಇಂಥ ಸೆನ್ಸರ್‌ಗಳು ನಿಜವಾಗಿಯೂ ಕೆಲಸ ಮಾಡುತ್ತವೆ. ಆದರೆ ಸುದ್ದಿಯಲ್ಲಿ 'ಕೋಶ ಪತ್ತೆ' ಎಂದಿದ್ದರೆ, ಬಹುತೇಕ ಸಲ ಅದು ಫ್ಲಾಸ್ಕಿನಲ್ಲಿ ಬೆಳೆಸಿದ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳನ್ನು ಬಫರ್‌ಗೆ ಬೆರೆಸಿ ಎಣಿಸಿದ ಪ್ರಯೋಗವಾಗಿರುತ್ತದೆ. ಅಲ್ಲಿಂದ ನಾಪೋಕ್ಲು ಕಡೆಯ ಕಾಫಿ ತೋಟದ ಲೈನ್‌ಮನೆಯ ಹೆಣ್ಣುಮಗಳ ಬೆರಳ ತುದಿಗೆ ಎಷ್ಟು ದೂರವಿದೆ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ.

ಗ್ಲುಕೋಮೀಟರನ್ನೇ ತೆಗೆದುಕೊಳ್ಳಿ. ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಆಮ್ಲಜನಕದ ಎಲೆಕ್ಟ್ರೋಡ್ ಮೇಲೆ ಗ್ಲುಕೋಸ್ ಆಕ್ಸಿಡೇಸ್ ಕಿಣ್ವ ಕೂರಿಸಬಹುದೆಂದು ತೋರಿಸಿದರು. ಇವತ್ತಿನ ಎಲ್ಲ ಬಯೋಸೆನ್ಸರ್‌ಗಳ ಮೂಲ ಅದು. ಬೇಕಾದದ್ದನ್ನು ಮಾತ್ರ ಗುರುತಿಸುವ ಒಂದು ಜೈವಿಕ ಭಾಗ, ಆ ಗುರುತಿಸುವಿಕೆಯನ್ನು ವಿದ್ಯುತ್ತಿಗೋ ಬೆಳಕಿಗೋ ತೂಕಕ್ಕೋ ಬದಲಿಸುವ ಟ್ರಾನ್ಸ್‌ಡ್ಯೂಸರ್, ಆಮೇಲೆ ಓದುವ ಯಂತ್ರ. ಗ್ಲುಕೋಮೀಟರ್ ಗೆದ್ದಿರುವುದು ರಕ್ತದಲ್ಲಿ ಗ್ಲುಕೋಸ್ ಧಾರಾಳವಾಗಿರುವುದರಿಂದ. ಡೆಸಿಲೀಟರಿಗೆ 100 ಮಿಲಿಗ್ರಾಂ ಇದ್ದರೆ, ಸ್ಟ್ರಿಪ್ ಹೀರುವ 1 ಮೈಕ್ರೋಲೀಟರ್‌ನಲ್ಲೇ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಗ್ಲುಕೋಸ್ ಅಣುಗಳಿರುತ್ತವೆ. ಹನಿ ಎಲ್ಲಿಂದ ತೆಗೆದರೂ ಲೆಕ್ಕ ಒಂದೇ.

ಕ್ಯಾನ್ಸರ್ ಕೋಶದ ಕಥೆ ತಿರುಗಾಮುರುಗಾ. 1 ಮಿ.ಲೀ. ರಕ್ತದಲ್ಲಿ 400ರಿಂದ 500 ಕೋಟಿ ಕೆಂಪು ಕೋಶಗಳು, 40 ಲಕ್ಷದಿಂದ 1.1 ಕೋಟಿಯಷ್ಟು ಬಿಳಿ ಕೋಶಗಳು. ಕಾಯಿಲೆ ಮೈಯೆಲ್ಲ ಹರಡಿದವರಲ್ಲೂ ಅಲೆದಾಡುವ ಗಡ್ಡೆಕೋಶಗಳು ಆ 1 ಮಿ.ಲೀ.ನಲ್ಲಿ ಅನೇಕ ಸಲ ಬೆರಳೆಣಿಕೆಯವು. ಮಿ.ಲೀ.ಗೆ ಒಂದು ಕೋಶ ಇದೆ ಎಂದೇ ಉದಾರವಾಗಿ ಹಿಡಿಯೋಣ. ಬೆರಳಿಂದ ಬರುವ 20 ಮೈಕ್ರೋಲೀಟರ್ ಹನಿಯಲ್ಲಿ ಅದು ಸಿಗುವ ಸಂಭವ 0.02. ಅಂದರೆ ಅಂಥ 50 ಹನಿಗೆ ಒಂದು ಕೋಶ. ಉಳಿದ 49 ಹನಿಗಳಲ್ಲಿ ಸೆನ್ಸರ್ ಎಷ್ಟೇ ಚುರುಕಾಗಿದ್ದರೂ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ. ಕನಿಷ್ಠ ಒಂದಾದರೂ ಕೋಶ ನಮೂನೆಯೊಳಗೆ ಬಂದಿದೆ ಎಂದು ನೂರಕ್ಕೆ 95ರಷ್ಟು ಭರವಸೆ ಬೇಕಾದರೆ ಪಾಯ್ಸನ್ ಲೆಕ್ಕದ (ಅಪರೂಪದ ಘಟನೆಗಳ ಸಂಭವ ಅಳೆಯುವ ಗಣಿತ) ಪ್ರಕಾರ 3 ಮಿ.ಲೀ. ರಕ್ತ ಬೇಕು. ಇದು ಎಲೆಕ್ಟ್ರಾನಿಕ್ಸ್ ಸುಧಾರಿಸಿದರೆ ಕರಗುವ ತೊಡಕಲ್ಲ. 'ಒಂದು ಹನಿಯಲ್ಲಿ ಕೋಶ ಪತ್ತೆ' ಎಂದು ಯಾರೇ ಹೇಳಿದರೂ ಮೊದಲು ಈ ಲೆಕ್ಕವನ್ನು ಮುಂದಿಡಿ.

ಇದಕ್ಕಾಗಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಒಪ್ಪಿದ ಸೆಲ್‌ಸರ್ಚ್ ಎಂಬ ವ್ಯವಸ್ಥೆ 7.5 ಮಿ.ಲೀ. ರಕ್ತ ಕೇಳುತ್ತದೆ. ಕೋಶದ ಮೇಲಿನ ಎಪ್‌ಕ್ಯಾಮ್ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು (ಆಂಟಿಬಾಡಿ) ಕಾಂತೀಯ ಕಣಗಳಿಗೆ ಕಟ್ಟಿ, ಅಯಸ್ಕಾಂತದಿಂದ ಕೋಶಗಳನ್ನು ಎಳೆದು, ಬಣ್ಣ ಹಾಕಿ ಎಣಿಸುತ್ತಾರೆ. ಹರಡಿದ ಸ್ತನ ಕ್ಯಾನ್ಸರಿನಲ್ಲಿ 5 ಅಥವಾ ಹೆಚ್ಚು ಕೋಶ ಕಂಡರೆ ಮುನ್ನೋಟ ಕಷ್ಟದ್ದು ಎಂಬುದು ಅದರ ಉಪಯೋಗ. ರೋಗವಿದೆಯೇ ಇಲ್ಲವೇ ಎಂದು ಹೇಳುವ ಪರೀಕ್ಷೆ ಅದಲ್ಲ. ಇನ್ನೂ ಹರಡದ ಸ್ತನ ಕ್ಯಾನ್ಸರಿನವರಲ್ಲಿ ಇದೇ ವಿಧಾನದಿಂದ ಒಂದಾದರೂ ಕೋಶ ಸಿಗುವುದು ಸುಮಾರು ಐವರಲ್ಲಿ ಒಬ್ಬರಿಗೆ. ಉಳಿದ ನಾಲ್ವರಿಗೆ 'ಇಲ್ಲ' ಎಂಬ ತಪ್ಪು ನೆಮ್ಮದಿ ಸಿಗುತ್ತದೆ. ಆರಂಭದ ಪತ್ತೆಗೆ ಇದು ಸಾಲದು.

ಇನ್ನೂ ಒಂದು ತೊಡಕು ಇದೆ. ಹರಡುವ ಹಾದಿಯಲ್ಲಿರುವ ಕೆಲವು ಕೋಶಗಳು ಎಪ್‌ಕ್ಯಾಮನ್ನೇ ಕಳಚಿಕೊಳ್ಳುತ್ತವೆ. ಎಂಡಿಎ-ಎಂಬಿ-231 ಎಂಬ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕಗಳೂ ಹೆಚ್ಚುವರಿ ಹರ್-2ವೂ ಇಲ್ಲದ) ಕೋಶಸಾಲಿನ ಮೇಲೆ ಅದು ತೀರ ಕಡಿಮೆ. ಎಪ್‌ಕ್ಯಾಮ್ ನಂಬಿದ ಸೆನ್ಸರ್ ಎಂಸಿಎಫ್-7ರ ಮೇಲೆ ಅದ್ಭುತವಾಗಿ ಕೆಲಸ ಮಾಡಿ, ಹೆಚ್ಚು ಅಪಾಯಕಾರಿಯಾದ ಕೋಶಗಳನ್ನೇ ಬಿಟ್ಟುಬಿಡಬಹುದು.

ಕೋಶ ಬಿಟ್ಟು ಅದು ಉದುರಿಸುವ ಅಣುಗಳನ್ನು ಹುಡುಕೋಣ ಎಂಬುದು ಇನ್ನೊಂದು ದಾರಿ: ಹರ್-2ರ ಹೊರತುಣುಕು, ಸಿಎ 15-3 ಎಂಬ ರಕ್ತದ ಪ್ರೋಟೀನ್ ಗುರುತು, ಮೈಕ್ರೋ ಆರ್‌ಎನ್‌ಎ-21 ಎಂಬ ಚಿಕ್ಕ ಆರ್‌ಎನ್‌ಎ, ಗಡ್ಡೆಯ ಡಿಎನ್‌ಎ ಚೂರುಗಳು. ನಮಗೆ ಹೆಚ್ಚು ಭರವಸೆ ಇರುವುದು ಇಲ್ಲೇ. ಆದರೂ ಪ್ರತಿಯೊಂದಕ್ಕೂ ಮಿತಿ ಇದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹರ್-2 ಅತಿಯಾಗಿರುವುದು ನೂರಕ್ಕೆ 15ರಿಂದ 20 ಮಾತ್ರ. ಹಾಗಾಗಿ ಹರ್-2 ಸೆನ್ಸರ್ ಎಷ್ಟೇ ಪರಿಪೂರ್ಣವಾದರೂ ಐದರಲ್ಲಿ ನಾಲ್ಕು ಕ್ಯಾನ್ಸರ್‌ಗಳಿಗೆ ಅದು ಕುರುಡು. ಸಿಎ 15-3 ಆರಂಭದ ಹಂತದಲ್ಲಿ ಹೆಚ್ಚಾಗಿ ಮಾಮೂಲಿಯಾಗಿಯೇ ಇರುತ್ತದೆ, ಯಕೃತ್ತಿನ ಕಾಯಿಲೆಯಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಮೈಕ್ರೋ ಆರ್‌ಎನ್‌ಎ-21 ಬೇರೆ ಕ್ಯಾನ್ಸರ್‌ಗಳಲ್ಲೂ ಉರಿಯೂತದಲ್ಲೂ ಏರುವಂಥದ್ದು.

ಮತ್ತೆ ತಪಾಸಣೆಯ ಗಣಿತ. ಒಂದು ಊಹೆಯ ಲೆಕ್ಕ ಮಾಡಿ. ತೋಟಗಳಲ್ಲಿ ಶಿಬಿರ ನಡೆಸಿ 10,000 ಆರೋಗ್ಯವಂತ ಹೆಂಗಸರನ್ನು ಪರೀಕ್ಷಿಸಿದಿರಿ, ಅವರಲ್ಲಿ 50 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಸೆನ್ಸರ್ ನೂರಕ್ಕೆ 90ರಷ್ಟು ಕಾಯಿಲೆ ಹಿಡಿಯುತ್ತದೆ, ಕಾಯಿಲೆ ಇಲ್ಲದವರಲ್ಲಿ ನೂರಕ್ಕೆ 95 ಜನರಿಗೆ ಸರಿಯಾಗಿ 'ಇಲ್ಲ' ಎನ್ನುತ್ತದೆ. ಕೇಳಲು ಒಳ್ಳೆಯ ಸೆನ್ಸರೇ. ಆದರೆ ಅದು 45 ನಿಜವಾದ ರೋಗಿಗಳ ಜೊತೆಗೆ ಸುಮಾರು 498 ಆರೋಗ್ಯವಂತರನ್ನೂ ಹಿಡಿದು ನಿಲ್ಲಿಸುತ್ತದೆ. 'ಪಾಸಿಟಿವ್' ಬಂದ 12 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ. ಉಳಿದ ಹನ್ನೊಂದು ಹೆಂಗಸರು ದಿನಗೂಲಿ ಬಿಟ್ಟು, ಬಸ್ಸು ಹಿಡಿದು, ಸುಮಾರು 120 ಕಿ.ಮೀ. ದೂರದ ಮೈಸೂರಿಗೋ ಘಟ್ಟ ಇಳಿದು ಮಂಗಳೂರಿಗೋ ಹೋಗಿ, ಏನೂ ಇಲ್ಲವೆಂದು ತಿಳಿಯುವ ತನಕ ನಿದ್ದೆಗೆಡಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ ಹಾಗೆ ಕರೆದು ಸುಳ್ಳಾದರೆ, ಮುಂದಿನ ಸಲ ನಿಜವಾದ ಗಂಟು ಇದ್ದವಳೂ ಹೊರಡುವುದಿಲ್ಲ. ಇದನ್ನು ನಾವು ಸಣ್ಣ ವಿಷಯವೆಂದು ಭಾವಿಸುವುದಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಬಯೋಸೆನ್ಸರ್ ಮೊದಲು ನೆಲೆ ನಿಲ್ಲಬೇಕಾದ್ದು ಕಾಯಿಲೆ ಈಗಾಗಲೇ ಗೊತ್ತಿರುವವರಲ್ಲಿ. ಚಿಕಿತ್ಸೆ ಕೆಲಸ ಮಾಡುತ್ತಿದೆಯೇ, ಮರುಕಳಿಸುವ ಸೂಚನೆ ಇದೆಯೇ ಎಂದು ಒಬ್ಬರದೇ ಹಳೆಯ ಮಟ್ಟದೊಂದಿಗೆ ಹೋಲಿಸುವಾಗ ಸುಳ್ಳು ಎಚ್ಚರಿಕೆಯ ಹೊರೆ ಕಡಿಮೆ. ನಿಮ್ಮ ವಿದ್ಯಾರ್ಥಿನಿಯ ಹರ್-2 ಸೆನ್ಸರಿಗೂ ಅಲ್ಲಿ ಅರ್ಥವಿದೆ. ಆಕೆಯ ಕೆಲಸಕ್ಕೆ ಬರೋಣ, ಅದು ವಿವರವಾಗಿ ಮಾತಾಡಬೇಕಾದ ವಿಷಯ.

ನೀವು ಬರೆದ ಲಕ್ಷಣ ನೋಡಿದರೆ ಆಕೆ ಚಿನ್ನದ ಎಲೆಕ್ಟ್ರೋಡ್ ಮೇಲೆ ಪ್ರತಿಕಾಯ ಕೂರಿಸಿ, ಫೆರಿಸಯನೈಡ್–ಫೆರೋಸಯನೈಡ್ ದ್ರಾವಣದಲ್ಲಿ ಇಂಪೀಡೆನ್ಸ್ (ಎಸಿ ವಿದ್ಯುತ್ತಿಗೆ ಒಡ್ಡುವ ತಡೆ) ಅಳೆಯುತ್ತಿರಬೇಕು. ಇದರಲ್ಲಿ ಹರ್-2 ಬಂದು ಕೂತರೆ ಎಲೆಕ್ಟ್ರಾನ್ ದಾಟುವ ದಾರಿ ಮುಚ್ಚಿ ರೋಧ ಏರುತ್ತದೆ. ತೊಂದರೆ ಏನೆಂದರೆ, ಯಾರು ಬಂದು ಕೂತರೂ ಏರುತ್ತದೆ. ಸೀರಂನಲ್ಲಿ ಆಲ್ಬುಮಿನ್ ಒಂದೇ ಮಿ.ಲೀ.ಗೆ ಸುಮಾರು 40 ಮಿಲಿಗ್ರಾಂ. ಹರ್-2ರ ವೈದ್ಯಕೀಯ ಗಡಿ ಮಿ.ಲೀ.ಗೆ 15 ನ್ಯಾನೋಗ್ರಾಂ. ಒಂದು ಪಾಲು ಹರ್-2ಗೆ 26 ಲಕ್ಷ ಪಾಲಿಗೂ ಹೆಚ್ಚು ಆಲ್ಬುಮಿನ್. ಅದರಲ್ಲಿ ಅತ್ಯಲ್ಪ ಭಾಗ ಖಾಲಿ ಜಾಗಕ್ಕೆ ಅಂಟಿದರೂ ಹರ್-2ರ ಧ್ವನಿ ಮುಳುಗಿಹೋಗುತ್ತದೆ.

ಆದರೆ ಅಂಟುವಿಕೆಯೇ ಕಾರಣ ಎಂದು ತೀರ್ಮಾನಿಸುವ ಮುನ್ನ ಮೂರು ಎಲೆಕ್ಟ್ರೋಡ್‌ಗಳನ್ನು ಪಕ್ಕಪಕ್ಕ ಇಡಲಿ. ಒಂದರ ಮೇಲೆ ಹರ್-2 ಪ್ರತಿಕಾಯ. ಇನ್ನೊಂದರ ಮೇಲೆ ಅದೇ ಪ್ರಾಣಿಯ, ಅದೇ ಬಗೆಯ, ಹರ್-2ಗೆ ಸಂಬಂಧವಿಲ್ಲದ ಪ್ರತಿಕಾಯ. ಮೂರನೆಯದಕ್ಕೆ ಪ್ರತಿಕಾಯವೇ ಇಲ್ಲ, ಉಳಿದೆಲ್ಲ ಹಂತಗಳೂ ಹಾಗೇ. ಮೂರಕ್ಕೂ ಒಂದೇ ಸೀರಂ. ಮೂರೂ ಒಂದೇ ಸಮ ಏರಿದರೆ ಅಡಿಪದರವೇ ಸರಿಯಾಗಿ ಮುಚ್ಚಿಲ್ಲ. ಮೊದಲೆರಡು ಮಾತ್ರ ಏರಿದರೆ ಸೀರಂನ ಯಾವುದೋ ಅಂಶ ಪ್ರತಿಕಾಯಗಳಿಗೇ ಅಂಟುತ್ತಿದೆ. ಇಲಿಯ ಪ್ರತಿಕಾಯದ ವಿರುದ್ಧ ಮನುಷ್ಯರಲ್ಲಿ ಇರುವ ಪ್ರತಿಕಾಯಗಳು ಹೀಗೆ ಮಾಡುತ್ತವೆ. ಮೊದಲನೆಯದು ಮಾತ್ರ ಏರಿದರೆ ಹಿಗ್ಗಬಹುದು, ಏಕೆಂದರೆ ಅದು ತಪ್ಪೇ ಅಲ್ಲದಿರಬಹುದು. ಆರೋಗ್ಯವಂತರ ಸೀರಂನಲ್ಲೂ ಹರ್-2ರ ಹೊರತುಣುಕು ಸ್ವಲ್ಪ ಇದ್ದೇ ಇರುತ್ತದೆ; ಹರ್-2 ಬೆರೆಸದ ಮನುಷ್ಯ ಸೀರಂ ಎಂದರೆ ಹರ್-2 ಇಲ್ಲದ ಸೀರಂ ಅಲ್ಲ. ಬಳಸುವ ಸೀರಂನಲ್ಲಿ ಮೊದಲೇ ಎಷ್ಟಿದೆ ಎಂದು ಎಲೈಸಾ ಕಿಟ್‌ನಿಂದ (ಪ್ರತಿಕಾಯ ಬಳಸಿ ಪ್ರೋಟೀನ್ ಅಳೆಯುವ ಸಿದ್ಧ ಪರೀಕ್ಷೆ) ಅಳೆದುಕೊಳ್ಳದೆ ಈ ಪ್ರಯೋಗ ಮುಂದುವರಿಸಬಾರದು.

ಇನ್ನು ಪ್ರತಿ ಹಂತದಲ್ಲಿ ಎಡವುವ ಜಾಗಗಳು. ಗಟ್ಟಿ ಚಿನ್ನದ ಎಲೆಕ್ಟ್ರೋಡ್ ಆದರೆ 0.05 ಮೈಕ್ರಾನ್ ಅಲ್ಯುಮಿನಾದಿಂದ ಉಜ್ಜಿ, ಎಥನಾಲ್ ಮತ್ತು ನೀರಿನಲ್ಲಿ ಸೋನಿಕೇಟ್ ಮಾಡಿ, 0.5 ಮೋಲಾರ್ ಗಂಧಕಾಮ್ಲದಲ್ಲಿ ವೋಲ್ಟಾಮೊಗ್ರಾಂ (ವೋಲ್ಟೇಜ್–ಪ್ರವಾಹದ ರೇಖೆ) ಒಂದರ ಮೇಲೊಂದು ಕೂರುವವರೆಗೆ ವೋಲ್ಟೇಜನ್ನು ಏರಿಸಿ ಇಳಿಸುತ್ತಿರಬೇಕು. ಮುದ್ರಿತ ಎಲೆಕ್ಟ್ರೋಡಿಗೆ ಉಜ್ಜುವಿಕೆ ಬೇಡ. ಎಥನಾಲ್‌ನಲ್ಲಿ ರಾತ್ರಿಯಿಡೀ ಮುಳುಗಿಸಿದರೆ ಕೆಲವು ತಯಾರಿಕೆಗಳ ನಿರೋಧಕ ಶಾಯಿಯೇ ಬಿಟ್ಟುಕೊಳ್ಳುತ್ತದೆ. ಒಂದು ಎಚ್ಚರಿಕೆ: ಗಂಧಕಾಮ್ಲದ ತ್ಯಾಜ್ಯವನ್ನೂ ಫೆರೋಸಯನೈಡ್ ತ್ಯಾಜ್ಯವನ್ನೂ ಒಂದೇ ಬಾಟಲಿಗೆ ಸುರಿಯಬಾರದು. ಪ್ರಬಲ ಆಮ್ಲದಲ್ಲಿ, ಅದರಲ್ಲೂ ಬಿಸಿಯಾದಾಗ, ಹೈಡ್ರೋಜನ್ ಸಯನೈಡ್ ಅನಿಲ ಏಳಬಹುದು.

ಚಿನ್ನಕ್ಕೆ ಗಂಧಕದ ಮೂಲಕ ಅಂಟಿ ಪ್ರತಿಕಾಯಕ್ಕೆ ಅಡಿಪದರವಾಗುವ ಥಯೋಲ್ ಪದರಕ್ಕೆ ಮರ್ಕ್ಯಾಪ್ಟೋಅಂಡೆಕನೋಯಿಕ್ ಆಮ್ಲ ಒಂದನ್ನೇ ಹಾಕದೆ, ಮರ್ಕ್ಯಾಪ್ಟೋಹೆಕ್ಸನಾಲ್ ಜೊತೆ 1:9ರಂತೆ ಬೆರೆಸಿ, ಒಟ್ಟು 1 ಮಿಲಿಮೋಲಾರ್, 12ರಿಂದ 16 ಗಂಟೆ ಬಿಡುವುದು ಒಳ್ಳೆಯದು. ಆಮ್ಲದ ಗುಂಪು ಒತ್ತೊತ್ತಾಗಿದ್ದರೆ ಪ್ರತಿಕಾಯಗಳು ಒಂದರ ಮೇಲೊಂದು ಬಿದ್ದು ಅನೇಕವು ನಿಷ್ಕ್ರಿಯವಾಗುತ್ತವೆ.

ಆಮೇಲೆ ಆ ಆಮ್ಲದ ಗುಂಪಿಗೆ ಪ್ರತಿಕಾಯವನ್ನು ಬೆಸೆಯುವ ಕೊಂಡಿ ಮಾಡುವ ಇಡಿಸಿ ಮತ್ತು ಎನ್‌ಎಚ್‌ಎಸ್ ಎಂಬ ರಾಸಾಯನಿಕಗಳು: 0.4 ಮೋಲಾರ್ ಮತ್ತು 0.1 ಮೋಲಾರ್, 15ರಿಂದ 30 ನಿಮಿಷ. ಕೊಡಗಿನಲ್ಲಿ ಈ ಕೆಲಸ ಮಾಡುವವರು ಹೆಚ್ಚು ಕಾಳಜಿ ವಹಿಸಬೇಕಾದದ್ದು ಇಲ್ಲಿ. ಕಕ್ಕಡದ ಮಳೆಯಲ್ಲಿ ಚೀಲ ಬಿಚ್ಚಿಟ್ಟ ಒಣ ಕಾಫಿ ಹೇಗೆ ತೇವ ಎಳೆದುಕೊಂಡು ಕೆಡುತ್ತದೋ, ಇಡಿಸಿ ಪುಡಿಯೂ ಹಾಗೇ. ಮೈನಸ್ 20 ಡಿಗ್ರಿಯಿಂದ ತೆಗೆದ ಬಾಟಲಿಯನ್ನು ತಕ್ಷಣ ತೆರೆದರೆ ಒಳಗೆ ನೀರು ಸಾಂದ್ರವಾಗುತ್ತದೆ, ಪುಡಿ ಮೆತ್ತಗಾಗುತ್ತದೆ, ಅದರ ಶಕ್ತಿ ಅಲ್ಲೇ ಮುಗಿಯಿತು. ಬಾಟಲಿ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಮುಚ್ಚಿಯೇ ಇಡಬೇಕು. ತಂದ ದಿನವೇ ಸಣ್ಣ ಸಣ್ಣ ಶೀಶೆಗಳಿಗೆ ಹಂಚಿಟ್ಟರೆ ಇನ್ನೂ ಕ್ಷೇಮ. ದ್ರಾವಣ ಮಾಡಿದ ಮೇಲೆ ನಿಮಿಷಗಳ ಲೆಕ್ಕ. ಬೆಳಿಗ್ಗೆ ಮಾಡಿಟ್ಟು ಮಧ್ಯಾಹ್ನ ಬಳಸಿದರೆ ಪ್ರತಿಕಾಯ ಬಂಧವಾಗದೆ ಸುಮ್ಮನೆ ಮೇಲೆ ಕೂತಿರುತ್ತದೆ. ಬಫರಿನಲ್ಲಿ ಅದು ಹಾಗೇ ಕೂತು ಚೆಂದದ ಗ್ರಾಫ್ ಕೊಡುತ್ತದೆ, ಸೀರಂ ಬಿದ್ದೊಡನೆ ಆಲ್ಬುಮಿನ್ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ನಿಮ್ಮ ವಿದ್ಯಾರ್ಥಿನಿಯ ಲಕ್ಷಣಕ್ಕೆ ಇದೂ ಹೊಂದುತ್ತದೆ.

ಪ್ರತಿಕಾಯ ಮಿ.ಲೀ.ಗೆ 10ರಿಂದ 50 ಮೈಕ್ರೋಗ್ರಾಂ, ತೇವದ ಪೆಟ್ಟಿಗೆಯಲ್ಲಿ 1ರಿಂದ 2 ಗಂಟೆ. ಶೀಶೆಯ ಮೇಲಿನ ಚೀಟಿಯನ್ನು ಓದಲು ಹೇಳಿ. ಬಹಳಷ್ಟು ಪ್ರತಿಕಾಯಗಳು ಬಿಎಸ್‌ಎ (ಹಸುವಿನ ಆಲ್ಬುಮಿನ್), ಗ್ಲೈಸೀನ್, ಟ್ರಿಸ್ ಅಥವಾ ಸೋಡಿಯಂ ಅಜೈಡ್ ಜೊತೆಗೇ ಬರುತ್ತವೆ. ಇವೆಲ್ಲ ಎನ್‌ಎಚ್‌ಎಸ್ ಕೊಂಡಿಗಳನ್ನು ಪ್ರತಿಕಾಯಕ್ಕಿಂತ ಮೊದಲೇ ಕಬಳಿಸುತ್ತವೆ. ಬಿಎಸ್‌ಎ ಇರುವ ಶೀಶೆ ಬಳಸಿದರೆ ಎಲೆಕ್ಟ್ರೋಡ್ ಮೇಲೆ ಹರ್-2 ಪ್ರತಿಕಾಯಕ್ಕಿಂತ ಹಸುವಿನ ಆಲ್ಬುಮಿನ್ನೇ ಹೆಚ್ಚು. ಸಾಧ್ಯವಾದರೆ ಇವ್ಯಾವುದೂ ಇಲ್ಲದ ತಯಾರಿಕೆ ಕೊಳ್ಳಬೇಕು. ಅಜೈಡ್, ಟ್ರಿಸ್, ಗ್ಲೈಸೀನ್ ಮಾತ್ರ ಇದ್ದರೆ ಡಯಾಲಿಸಿಸ್ ಅಥವಾ ಡೀಸಾಲ್ಟಿಂಗ್ ಕಾಲಂ ಸಾಕು. ಬಿಎಸ್‌ಎಯನ್ನು ಅವು ಬೇರ್ಪಡಿಸುವುದಿಲ್ಲ. ಉಳಿದ ಕೊಂಡಿಗಳನ್ನು 1 ಮೋಲಾರ್ ಎಥನೋಲಮೀನ್, ಪಿಎಚ್ 8.5ರಲ್ಲಿ 10 ನಿಮಿಷ ಮುಚ್ಚಿ, ನಂತರ ಶೇ. 1 ಬಿಎಸ್‌ಎಯಲ್ಲಿ ಅರ್ಧ ಗಂಟೆ.

ಅಳೆಯುವಾಗ ಸೀರಂ ಒಳಗೇ ಅಳೆಯಬಾರದು. ಯೂರಿಕ್ ಆಮ್ಲ, ಆಸ್ಕಾರ್ಬಿಕ್ ಆಮ್ಲಗಳೂ ಎಲೆಕ್ಟ್ರಾನ್ ಕೊಡುತ್ತವೆ. ಸೀರಂ ಅನ್ನು 1:10ರಿಂದ 1:100ರವರೆಗೆ ತೆಳುಮಾಡಿ, 30 ನಿಮಿಷ ಬಿಟ್ಟು, ಶೇ. 0.05 ಟ್ವೀನ್-20 (ಮೃದು ಮಾರ್ಜಕ) ಇರುವ ಪಿಬಿಎಸ್‌ ಎಂಬ ಫಾಸ್ಫೇಟ್ ಉಪ್ಪುನೀರಿನ ಬಫರ್‌ನಲ್ಲಿ ತೊಳೆದು, ಮೊದಲು ಅಳೆದ ಅದೇ 5 ಮಿಲಿಮೋಲಾರ್ ಫೆರಿ–ಫೆರೋ ದ್ರಾವಣಕ್ಕೆ ಮರಳಿ ಅಳೆಯಬೇಕು. 10 ಮಿಲಿವೋಲ್ಟ್ ಎಸಿ, 1 ಲಕ್ಷ ಹರ್ಟ್ಸ್‌ನಿಂದ 0.1 ಹರ್ಟ್ಸ್. ಈ ದ್ರಾವಣದಿಂದ ಬಿಡುಗಡೆಯಾಗುವ ಸಯನೈಡ್ ಚಿನ್ನವನ್ನು ನಿಧಾನವಾಗಿ ಕೊರೆಯುತ್ತದೆ. ಏನೂ ಹಾಕದೆ ಐದಾರು ಸಲ ಅಳೆದರೂ ರೋಧ ಸರಿದಾಡುತ್ತಿದ್ದರೆ ಅದು ಹರ್-2 ಅಲ್ಲ. ರುಥೇನಿಯಂ ಹೆಕ್ಸಮೀನ್‌ಗೆ ಬದಲಿಸಿ ಹೋಲಿಸಿ ನೋಡಲಿ.

ಇಷ್ಟೆಲ್ಲ ಸರಿಪಡಿಸಿದರೂ ನಮ್ಮ ಖಚಿತ ಸಲಹೆ ಸ್ಯಾಂಡ್‌ವಿಚ್ ವಿಧಾನಕ್ಕೆ ಹೊರಳುವುದು. ಹರ್-2ರ ಬೇರೊಂದು ಭಾಗಕ್ಕೆ ಅಂಟುವ ಎರಡನೇ ಪ್ರತಿಕಾಯ, ಅದಕ್ಕೆ ಪೆರಾಕ್ಸಿಡೇಸ್ ಕಿಣ್ವ, ಕೊನೆಗೆ ಆ ಕಿಣ್ವ ಬದಲಿಸುವ ಟಿಎಂಬಿ ಎಂಬ ರಾಸಾಯನಿಕ ಹಾಕಿ ಪ್ರವಾಹ ಅಳತೆ. ಆಗ ಸುಮ್ಮನೆ ಬಂದು ಕೂತ ಆಲ್ಬುಮಿನ್ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆ ಹಿಡಿದದ್ದು ಮಾತ್ರ ಎಣಿಕೆ. ಮಾದರಿಯನ್ನೂ ಎರಡನೇ ಪ್ರತಿಕಾಯವನ್ನೂ ಒಟ್ಟಿಗೆ ಹಾಕಿದರೆ ಹರ್-2 ವಿಪರೀತ ಹೆಚ್ಚಿದ್ದಾಗ ಸಿಗ್ನಲ್ ಇಳಿಯುತ್ತದೆ, ಆದ್ದರಿಂದ ಒಂದಾದ ಮೇಲೆ ಒಂದು, ನಡುವೆ ತೊಳೆದು ಹಾಕಬೇಕು.

ಫಲಿತಾಂಶ ಬರೆಯುವಾಗ ಒಂದು ಮಾತು. ಎಲ್ಲರೂ ಎಷ್ಟು ಕಡಿಮೆ ಹಿಡಿದೆವು ಎಂದು ಫೆಮ್ಟೋಗ್ರಾಂ (ನ್ಯಾನೋಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು) ಲೆಕ್ಕದಲ್ಲಿ ಹೇಳಲು ಹಾತೊರೆಯುತ್ತಾರೆ. ಸೀರಂ ಹರ್-2ಗೆ ಅದು ಬೇಕಾಗಿಲ್ಲ. ಗಡಿ 15 ನ್ಯಾನೋಗ್ರಾಂ ಇರುವಾಗ 12ನ್ನೂ 18ನ್ನೂ ಬೇರೆ ಮಾಡಿ ತೋರಿಸಬೇಕು. ಎಲೆಕ್ಟ್ರೋಡ್‌ನಿಂದ ಎಲೆಕ್ಟ್ರೋಡಿಗೆ ಶೇ. 20 ಏರುಪೇರಿದ್ದರೆ 15ರ ಓದುವಿಕೆ 12ಕ್ಕೂ 18ಕ್ಕೂ ಚಾಚಿಕೊಂಡಿರುತ್ತದೆ. ಆ ಸೆನ್ಸರ್ ವೈದ್ಯರಿಗೆ ಏನೂ ಹೇಳದು. ಏರುಪೇರನ್ನು ಶೇ. 10ರೊಳಗೆ ತಂದರೆ ಅದೇ ಒಳ್ಳೆಯ ಪ್ರಬಂಧ. ಒಂದೇ ಎಲೆಕ್ಟ್ರೋಡನ್ನು ಮೂರು ಸಲ ಓದಿದ್ದನ್ನು ಮೂರು ನಮೂನೆ ಎನ್ನಬಾರದು, ಪ್ರತಿ ಪ್ರಮಾಣಕ್ಕೂ ಕನಿಷ್ಠ ಮೂರು ಬೇರೆ ಎಲೆಕ್ಟ್ರೋಡ್. ಬೆರೆಸಿದ ಹರ್-2ರಲ್ಲಿ ಶೇ. 80ರಿಂದ 120 ಮರಳಿ ಸಿಗಬೇಕು. ಜನರ ರಕ್ತ ಬಳಸುವುದಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು.

ಮುಂದೆ ಕೋಶಗಳನ್ನೇ ಹಿಡಿಯುವ ಆಸೆ ಆಕೆಗಿದ್ದರೆ, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಕೋಶಸಾಲು ತರಿಸಬಹುದು. ಹರ್-2 ತುಂಬಿರುವ ಎಸ್‌ಕೆ-ಬಿಆರ್-3, ಜೊತೆಗೆ ಹರ್-2 ಕಡಿಮೆ ಇರುವ ಎಂಡಿಎ-ಎಂಬಿ-231, ಎರಡೂ ಇರಬೇಕು. ಫ್ಲಾಸ್ಕಿನಿಂದ ಬಿಡಿಸಲು ಟ್ರಿಪ್ಸಿನ್ ಬೇಡ, ಅದು ಕೋಶದ ಮೇಲ್ಮೈಯ ಪ್ರೋಟೀನುಗಳನ್ನು ಕತ್ತರಿಸುತ್ತದೆ. ಇಡಿಟಿಎ ದ್ರಾವಣ ಸಾಕು. ಮತ್ತೆ ಅಳತೆಯನ್ನು ನೆನಪಿಡಲಿ: 2 ಮಿ.ಮೀ. ಎಲೆಕ್ಟ್ರೋಡ್ ಮೇಲೆ 20 ಮೈಕ್ರಾನ್‌ನ ಒಂದು ಕೋಶ ಮುಚ್ಚುವುದು ಹತ್ತು ಸಾವಿರದಲ್ಲಿ ಒಂದು ಪಾಲು. ಎಲೆಕ್ಟ್ರೋಡ್ ತಾನಾಗಿಯೇ ಶೇ. 5 ಸರಿದಾಡುವಾಗ 500 ಕೋಶ ಕೂತರೂ ವ್ಯತ್ಯಾಸ ಗೊತ್ತಾಗದು. ಒಂಟಿ ಕೋಶ ಹಿಡಿಯಲು ಎಲೆಕ್ಟ್ರೋಡೂ ಕೋಶದ ಗಾತ್ರಕ್ಕೆ ಇಳಿದು, 30ರಿಂದ 50 ಮೈಕ್ರಾನ್‌ನ ಸಾಲುಗಳಾಗಬೇಕು.

ಇಂಥ ಸಾಧನ ಒಂದು ದಿನ ನಮ್ಮ ಜಿಲ್ಲೆಗೆ ಬಂದಾಗ ಏನೇನು ನೋಡಬೇಕು ಎಂಬುದನ್ನೂ ಚಿಕ್ಕದಾಗಿ ಹೇಳುತ್ತೇವೆ. ಮಳೆಗಾಲದಲ್ಲಿ ಮಡಿಕೇರಿಯ ಗಾಳಿಯ ತೇವ ಶೇ. 90 ದಾಟುವುದು ಮಾಮೂಲು, ಆದ್ದರಿಂದ ಸ್ಟ್ರಿಪ್‌ಗಳು ಒಂದೊಂದಾಗಿ ಸೀಲ್ ಆಗಿರಬೇಕು. ಡಬ್ಬಿಯಲ್ಲಿ ಐವತ್ತು ತುಂಬಿದ್ದರೆ ಮೊದಲನೆಯದಕ್ಕೂ ಕೊನೆಯದಕ್ಕೂ ಉತ್ತರ ಬೇರೆಯಾಗುತ್ತದೆ. ಪ್ರತಿಕಾಯದ ಸ್ಟ್ರಿಪ್‌ಗೆ 2ರಿಂದ 8 ಡಿಗ್ರಿ ಬೇಕೆಂದರೆ ದಿನಗಟ್ಟಲೆ ಕರೆಂಟಿಲ್ಲದ ಹಳ್ಳಿಯಲ್ಲಿ ಅದು ಉಳಿಯದು. ಪ್ರತಿಕಾಯದಂತೆ ಗುರುತಿಸಿ ಅಂಟುವ, ಡಿಎನ್‌ಎಯಿಂದ ಮಾಡಿದ ಆಪ್ಟಮರ್‌ಗಳು ಶಾಖ ತಡೆಯುವುದರಲ್ಲಿ ಮೇಲು, ನಮ್ಮಂಥ ಜಾಗಕ್ಕೆ ಅವೇ ಸರಿ ಎನಿಸುತ್ತದೆ. ಕೋಶ ಎಣಿಸುವ ಪರೀಕ್ಷೆಯಾದರೆ ಹೆಪ್ಪುಗಟ್ಟದಂತೆ ತಡೆಯುವ ಸಾದಾ ಇಡಿಟಿಎ ಟ್ಯೂಬಿನ ರಕ್ತ ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ಸೇರಬೇಕು. ರಕ್ಷಕ ಸೇರಿಸಿದ ವಿಶೇಷ ಟ್ಯೂಬ್ ಇದ್ದರೆ ನಾಲ್ಕು ದಿನ ತಡೆಯುತ್ತದೆ. ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವ ಊರಿಗೆ ಈ ವ್ಯತ್ಯಾಸ ದೊಡ್ಡದು.

ಈಗ ನಿಮ್ಮ ಬಗ್ಗೆ. ತಾಯಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ತಪಾಸಣೆ ಶುರುಮಾಡುವುದು ರೂಢಿ. ನಿಮ್ಮ ಲೆಕ್ಕಕ್ಕೆ ಅದು 37, ಆಗಲೇ ದಾಟಿದೆ. ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತರಬೇತಾದ ಸಿಬ್ಬಂದಿಯಿಂದ ಸ್ತನ ಪರೀಕ್ಷೆ ಇದೆ. ಆಶಾ ಕಾರ್ಯಕರ್ತೆ ತುಂಬುವ ಅಪಾಯದ ಪಟ್ಟಿ ಅದರ ಮೊದಲ ಮೆಟ್ಟಿಲು. ಇದನ್ನು ಕೀಳಾಗಿ ಕಾಣಬೇಡಿ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರಲ್ಲಿ ಇಪ್ಪತ್ತು ವರ್ಷ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯಿಂದ ಮಾಡುವ ಈ ಪರೀಕ್ಷೆಯಿಂದಲೇ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ. 30 ಇಳಿದಿತ್ತು. ನಿಮ್ಮ ಸುತ್ತಲಿನ ತೋಟದ ಹೆಂಗಸರಿಗೆ ಇವತ್ತು ನಿಜವಾಗಿ ಕೈಗೆಟಕುವುದು ಇದು. ನೋವಿಲ್ಲದ ಗಟ್ಟಿ ಗಂಟನ್ನು 'ನೋವಿಲ್ಲವಲ್ಲ' ಎಂದು ಬಿಟ್ಟುಬಿಡುವುದೇ ಹೆಚ್ಚಿನವರನ್ನು ತಡಮಾಡಿಸುತ್ತದೆ. ಹೊಸದಾಗಿ ಒಳಸರಿದ ತೊಟ್ಟು, ರಕ್ತದ ಸ್ರಾವ, ಕಿತ್ತಳೆ ಸಿಪ್ಪೆಯಂಥ ಚರ್ಮ, ಕಂಕುಳಲ್ಲಿ ಗಂಟು, ಇವನ್ನೂ ಹೇಳಿಕೊಡಿ.

ನಿಮಗೆ ಮಾತ್ರ ಅಷ್ಟು ಸಾಲದು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ತೋರಿಸಿ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ, ವಯಸ್ಸು ಚಿಕ್ಕದಾದ್ದರಿಂದ ಜೊತೆಗೆ ಅಲ್ಟ್ರಾಸೌಂಡ್ ಬೇಕೇ ಎಂದು ಕೇಳಿ. ಮುಟ್ಟು ಶುರುವಾದ ಒಂದು ವಾರದ ನಂತರದ ದಿನಗಳು ಒಳ್ಳೆಯವು, ಆಗ ನೋವು ಕಡಿಮೆ. ಅಂದು ಪೌಡರ್, ಡಿಯೋಡರೆಂಟ್ ಹಾಕಬೇಡಿ. ಅದರ ಲೋಹದ ಕಣಗಳು ಫಿಲ್ಮಿನಲ್ಲಿ ಸುಣ್ಣದ ಚುಕ್ಕಿಯಂತೆ ಕಂಡು ಗಾಬರಿ ಹುಟ್ಟಿಸುತ್ತವೆ. ಹಳೆಯ ಫಿಲ್ಮ್ ಇದ್ದರೆ ಒಯ್ಯಿರಿ. ಶಿಬಿರಗಳಲ್ಲಿ ಶಾಖದ ಚಿತ್ರ ತೆಗೆದು 'ಸೆನ್ಸರ್ ಪರೀಕ್ಷೆ' ಎಂದರೆ ಅದನ್ನೇ ನೆಚ್ಚಬೇಡಿ. ಥರ್ಮೋಗ್ರಫಿ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ.

ಯಾರಿಗಾದರೂ ಗಂಟು ಕಂಡರೆ, ವೈದ್ಯರ ಪರೀಕ್ಷೆ ಮತ್ತು ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್ ಆದ ಮೇಲೆ, ಶಸ್ತ್ರಚಿಕಿತ್ಸೆಗೆ ಮೊದಲು ಸೂಜಿ ಬಯಾಪ್ಸಿ. ಸೂಜಿ ತಾಗಿದರೆ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ತೆಗೆದ ಚೂರು ಒಂದು ಗಂಟೆಯೊಳಗೆ ಶೇ. 10 ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು, ಚೂರಿನ ಹತ್ತು ಪಟ್ಟು ದ್ರವ, 6ರಿಂದ 72 ಗಂಟೆ. ಸಲೈನಿನಲ್ಲೋ ಸ್ಪಿರಿಟ್ಟಿನಲ್ಲೋ ಹಾಕಿ ಬಸ್ಸಿನಲ್ಲಿ ಕಳಿಸಿದರೆ ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗಳು ಕೆಡುತ್ತವೆ. 1998ರಿಂದ ಲಭ್ಯವಿರುವ, ಹರ್-2ಗೆ ಗುರಿಯಿಡುವ ಟ್ರಾಸ್ಟುಜುಮ್ಯಾಬ್ ಔಷಧ ಯಾರಿಗೆ ಎಂದು ನಿರ್ಧರಿಸುವುದು ಇದೇ ಪರೀಕ್ಷೆ. ವರದಿಯಲ್ಲಿ ಹರ್-2 '2+' ಎಂದಿದ್ದರೆ ಅದು ಅಂತಿಮವಲ್ಲ, ಹರ್-2 ವಂಶವಾಹಿಯ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಬಾಕಿ ಇದೆ ಎಂದರ್ಥ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ, ರೆಫರಲ್ ಚೀಟಿ ತೆಗೆದುಕೊಂಡೇ ಹೊರಡಲಿ.

ಈ ವಾರ ಮಾಡಬಹುದಾದ ಒಂದು ಕೆಲಸವೆಂದರೆ ಅಮ್ಮನ ಹಳೆಯ ಬಯಾಪ್ಸಿ ವರದಿ ಹುಡುಕುವುದು. ಅವರಿಗೆ 50ರೊಳಗೇ ಬಂದಿದ್ದರಿಂದ ಬಿಆರ್‌ಸಿಎ (ದೋಷವಿದ್ದರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ) ವಂಶವಾಹಿ ಪರೀಕ್ಷೆಯ ಬಗ್ಗೆ ಸಮಾಲೋಚನೆಗೆ ನೀವು ಅರ್ಹರು. ಆ ಪರೀಕ್ಷೆಯನ್ನು ಮೊದಲು ಅಮ್ಮನಿಗೇ ಮಾಡಿಸಬೇಕು. ಅವರಲ್ಲಿ ದೋಷ ಸಿಕ್ಕಿದರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ನಿಮ್ಮ 'ಇಲ್ಲ' ಎಂಬ ಉತ್ತರಕ್ಕೂ ಆಗ ಅರ್ಥ ಬರುತ್ತದೆ. ವರದಿಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಹರ್-2 ಮೂರೂ ನೆಗೆಟಿವ್ ಎಂದಿದ್ದರೆ ತಡಮಾಡಬೇಡಿ, ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರಕ್ಕೆ ವರದಿ ಹಿಡಿದುಕೊಂಡು ಇಬ್ಬರೂ ಒಟ್ಟಿಗೆ ಹೋಗಿ. ವರದಿ ಕಳೆದಿದ್ದರೆ ಶಸ್ತ್ರಚಿಕಿತ್ಸೆ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರು) ಇನ್ನೂ ಇದೆಯೇ ಎಂದು ಕೇಳಿ. ಆಸ್ಪತ್ರೆಗಳು ಅವನ್ನು ಹಲವು ವರ್ಷ ಇಟ್ಟಿರುತ್ತವೆ, ಬಿಟ್ಟುಹೋದ ಪರೀಕ್ಷೆಯನ್ನು ಅದರಿಂದ ಈಗಲೂ ಮಾಡಿಸಬಹುದು.